ಎರಡು ಪೆಟ್ಟಿಗೆಯಲ್ಲಿ ಒಂಬತ್ತು ಯಂತ್ರ

ಒಂಬತ್ತು ಸರ್ವರ್ ಕಂಪ್ಯೂಟರುಗಳನ್ನು ಎರಡಕ್ಕೆ ಇಳಿಸುತ್ತಾರಂತೆ ಎಂಬ ಸುದ್ದಿ ಕೇಳಿದ ದಿನ ಶಾದ್ಲಿ ಮಧ್ಯಾಹ್ನದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಸ್ಫಾಕ್ಸ್‌ನ ಗ್ರೆಮ್ದಾ ರಸ್ತೆಯಲ್ಲಿದ್ದ ಆ ಆಲಿವ್ ಗಾಣದಲ್ಲಿ ಅವನು ಆ ಯಂತ್ರಗಳಿದ್ದ ತಣ್ಣನೆಯ ಕೋಣೆಯ ಉಸ್ತುವಾರಿ ಹೊತ್ತು ಇಪ್ಪತ್ತೆರಡು ವರ್ಷವಾಗಿತ್ತು. ಆಗಸ್ಟಿನಲ್ಲಿ ಊರಿಗೆ ಊರೇ ಬೆವರುವಾಗ ಅವನೊಬ್ಬ ಒಂಟೆಯುಣ್ಣೆಯ ಕಶಾಬಿಯಾ ನಿಲುವಂಗಿ ತೊಟ್ಟು ಯಂತ್ರಗಳ ಧೂಳು ಒರೆಸುತ್ತಿದ್ದ. ಯಾವುದರ ಫ್ಯಾನು ಕೆಮ್ಮುತ್ತದೆ, ಯಾವುದರ ವೈರು ಸಡಿಲ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅವುಗಳ ಒಳಗೇನಿದೆ ಎಂಬುದು ಮಾತ್ರ ಗೆಳೆಯ ಅನ್ವರ್‌ಗೆ ಗೊತ್ತಿತ್ತು. ಅನ್ವರ್ ತೀರಿಕೊಂಡು ಆರು ವರ್ಷ. ಅವನು ಬರೆದ ಸರದಿಯ ಪ್ರೋಗ್ರಾಮು ಮೂಲೆಯ ಹಳೆಯ ಯಂತ್ರದಲ್ಲಿ ಇನ್ನೂ ಓಡುತ್ತಿತ್ತು.

ಆ ಗಾಣದಲ್ಲಿ ಒಂದು ಮನೆಯವರ ಆಲಿವ್ ಕಾಯಿಯನ್ನು ಇನ್ನೊಂದು ಮನೆಯವರ ಕಾಯಿಯ ಜೊತೆ ಬೆರೆಸುವುದಿಲ್ಲ. ಕಾಯಿ ತಂದವರಿಗೆ ಮುಂದಿನ, ಹಿಂದಿನ ಎರಡೂ ಬಾಗಿಲಲ್ಲಿ ಕಂಪ್ಯೂಟರಿನಿಂದ ಸರದಿಯ ಚೀಟಿ ಸಿಗುತ್ತದೆ. ಒಳಗಿನ ಗೋಡೆಯ ಸ್ಕ್ರೀನಿನಲ್ಲಿ ತಮ್ಮ ಸಂಖ್ಯೆ ಬಂದಾಗ ಅವರ ಚೀಲಗಳು ಒಳಗೆ ಹೋಗುತ್ತವೆ, ಅವರ ಮರದ ಎಣ್ಣೆ ಅವರ ಡಬ್ಬಕ್ಕೇ ಇಳಿಯುತ್ತದೆ. ಕಾಯಿ ಚೀಲದಲ್ಲಿ ಎರಡು ದಿನ ಕಾದರೆ ಬಿಸಿಯೇರಿ ಹುಳಿಯಾಗುತ್ತದೆ. ಆದ್ದರಿಂದ ಸರದಿ ತಪ್ಪುವುದೆಂದರೆ ಅಲ್ಲಿ ಸಣ್ಣ ಮಾತಲ್ಲ.

"ಒಂಬತ್ತಕ್ಕೆ ಒಬ್ಬ ಆಳು ಬೇಕು, ಸರಿ. ಎರಡಕ್ಕೆ?" ಎಂದು ಅವನು ರಾತ್ರಿ ಊಟಕ್ಕೆ ಕೂತು ಹೆಂಡತಿ ಝೊಹ್ರಾಳನ್ನು ಕೇಳಿದ. ಅವನಿಗೆ ಐವತ್ತೆಂಟು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಬಾಕಿ. ಈ ವಯಸ್ಸಿನಲ್ಲಿ ಬೇರೆಲ್ಲೂ ಯಾರೂ ಕರೆದು ಕೆಲಸ ಕೊಡುವುದಿಲ್ಲ.

"ಎರಡಕ್ಕೆ ಅರ್ಧ ಆಳು ಸಾಕು. ನಿಮ್ಮದು ಯಾವ ಅರ್ಧ ಇಟ್ಕೋತಾರೆ ಅಂತ ಕೇಳ್ಕೊಂಡು ಬನ್ನಿ," ಎಂದಳು ಅವಳು. "ನಾಲಿಗೆ ಇರೋ ಅರ್ಧ ಆದ್ರೆ ಪಾಪ, ಅವರ ಗತಿ ಏನು!"

ಹಾಗೆಂದು ನಕ್ಕವಳು, ಮರುಕ್ಷಣ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

ಮರುದಿನ ಗಾಣದ ಒಡತಿ, ಎಲ್ಲರೂ ಗೌರವದಿಂದ ಲಲ್ಲಾ ಎಂದು ಕರೆಯುವ ನಾಜಿಹಾ, ಅವನನ್ನು ತಮ್ಮ ಕೋಣೆಗೆ ಕರೆಸಿದರು. ಅವರ ಎದುರಿಗೆ ಟ್ಯೂನಿಸ್‌ನಿಂದ ಬಂದ ಹುಡುಗಿಯೊಬ್ಬಳು ಕುಳಿತಿದ್ದಳು. ಮೂವತ್ತು ದಾಟಿರಲಾರದು. ಹೆಸರು ಉಮೈಮಾ. ಯಂತ್ರಗಳ ಬದಲಾವಣೆ ಮಾಡುವವಳು ಇವಳೇ.

"ಎರಡು ವರ್ಷದ ಹಿಂದೆ ಏನಾಯ್ತು ನೆನಪಿದೆಯಾ ಶಾದ್ಲಿ?" ಎಂದರು ನಾಜಿಹಾ. "ಕೊಯ್ಲಿನ ನಡುವೆ ಸರದಿ ಯಂತ್ರ ಕೈ ಕೊಡ್ತು. ಇಟಲಿಯಿಂದ ಒಂದು ಸಾಮಾನು ಬರೋಕೆ ಆರು ದಿನ. ಜನ ಕಾಯಿ ಹೇರ್ಕೊಂಡು ಪಕ್ಕದ ಗಾಣಕ್ಕೆ ಹೋದ್ರು. ಹೋದವರಲ್ಲಿ ಅರ್ಧ ಜನ ಇನ್ನೂ ಈ ಕಡೆ ತಲೆ ಹಾಕಿಲ್ಲ. ಇನ್ನೊಂದು ಸಲ ಹಾಗಾದ್ರೆ ನಾನು ಬಾಗಿಲು ಹಾಕ್ಬೇಕಾಗುತ್ತೆ."

ಉಮೈಮಾ ಅವನ ಕಡೆ ತಿರುಗಿ, ಹೆಸರಿನ ಮುಂದೆ ಗೌರವದ 'ಸೀ' ಸೇರಿಸಿ ಮಾತಾಡಿದಳು. "ನಿಮ್ಮ ಒಂಬತ್ತು ಯಂತ್ರದಲ್ಲಿ ಒಂದೊಂದೂ ದಿನದ ಬಹಳ ಹೊತ್ತು ಸುಮ್ನೆ ಕೂತಿರುತ್ತೆ, ಸೀ ಶಾದ್ಲಿ. ಕೂತೇ ಕರೆಂಟ್ ತಿನ್ನುತ್ತೆ, ಬಿಸಿ ಆಗುತ್ತೆ. ಆ ಬಿಸಿ ಆರಿಸೋಕೆ ಮತ್ತೆ ಕರೆಂಟ್."

"ಅದಕ್ಕೆ ಏಳನ್ನ ಕೊಂದು ಎರಡನ್ನ ಇಟ್ಕೋತೀಯ."

"ಒಂಬತ್ತೂ ಇರುತ್ತೆ, ತಂತಮ್ಮ ಹೆಸರಲ್ಲಿ, ತಂತಮ್ಮ ಕೆಲಸದಲ್ಲಿ. ಪೆಟ್ಟಿಗೆ ಮಾತ್ರ ಎರಡು."

"ಒಂದು ಹೊಟ್ಟೆಯೊಳಗೆ ಐದಾರು ಜನ?"

"ನಿಮ್ಮ ಗಾಣದಲ್ಲಿ ನಡೆಯೋದೂ ಅದೇ ಅಲ್ವಾ? ಮನೆಗೊಂದು ಗಾಣ ಇಟ್ಟಿದೀರಾ? ಒಂದೇ ಗಾಣ, ಎಲ್ಲರ ಎಣ್ಣೆ ಬೇರೆ ಬೇರೆ."

"ಇಲ್ಲಿ ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು, ಮಗಳೇ. ನೀನು ಹೇಳ್ತಿರೋದು ಎಲ್ಲರದೂ ಒಟ್ಟಿಗೆ."

"ಒಟ್ಟಿಗೇ. ಆದ್ರೂ ಒಬ್ಬರ ಹನಿ ಇನ್ನೊಬ್ಬರ ಡಬ್ಬಕ್ಕೆ ಬೀಳಲ್ಲ."

ಮಾತು ಎಣ್ಣೆಗಿಂತ ನುಣುಪಾಗಿದೆ ಎಂದುಕೊಂಡ ಶಾದ್ಲಿ.

ಒಂದು ಪೆಟ್ಟಿಗೆ ಕೆಟ್ಟರೆ ಅದರೊಳಗಿನವನ್ನೆಲ್ಲ ಇನ್ನೊಂದು ಪೆಟ್ಟಿಗೆ ಒಂದೆರಡು ನಿಮಿಷದಲ್ಲಿ ಎತ್ತಿಕೊಳ್ಳುತ್ತದೆ, ಇಟಲಿಯ ಸಾಮಾನಿಗೆ ಕಾಯಬೇಕಿಲ್ಲ ಎಂದು ಅವಳು ವಿವರಿಸಿದಳು. ಅನ್ವರ್‌ನ ಪ್ರೋಗ್ರಾಮು ಇಂದಿನ ಹೊಸ ಯಂತ್ರಗಳಲ್ಲಿ ನಡೆಯುವುದಿಲ್ಲ; ಹಳೆಯ ಯಂತ್ರವನ್ನೇ ಇದ್ದ ಹಾಗೆ ನಕಲು ಮಾಡಿ ಒಳಗಿಟ್ಟರೆ ಅದು ಇನ್ನೂ ಹತ್ತು ವರ್ಷ ಬಾಳುತ್ತದೆ. "ಮನೆ ಬದಲಾಗಿದೆ ಅಂತ ಆ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ," ಎಂದಳು.

"ಸತ್ತವನ ಕೆಲಸಕ್ಕೂ ಟೋಪಿ ಹಾಕ್ತೀಯ ಅನ್ನು," ಎಂದ ಶಾದ್ಲಿ. ನಾಜಿಹಾ ಕಣ್ಣು ಕೆಕ್ಕರಿಸಿದರು. ಹುಡುಗಿ ಮಾತ್ರ ನಕ್ಕುಬಿಟ್ಟಳು. ಅದಂತೂ ಅವನಿಗೆ ಹಿಡಿಸಲೇ ಇಲ್ಲ.

ಅಂದಿನಿಂದ ಅವನು ಅವಳ ಮೇಲೊಂದು ಕಣ್ಣಿಟ್ಟ. ಅವಳು ಫೋನಿನಲ್ಲಿ ಮಾತಾಡಲು ಅಂಗಳದ ತುದಿಗೆ ಹೋಗುತ್ತಿದ್ದಳು. ಒಳಗೆ ಆಡಬಾರದ ಮಾತು ಏನಿರಬಹುದು? ಒಂಬತ್ತೂ ಯಂತ್ರಗಳ ಫೋಟೊ ಹಿಂದಿನಿಂದಲೂ ಮುಂದಿನಿಂದಲೂ ತೆಗೆದಳು. ಯಾರಿಗೆ ತೋರಿಸಲು? ಎರಡನೆಯ ದಿನ, "ನಿಮಗೆ ಇನ್ನೂ ಎಷ್ಟು ವರ್ಷ ಸರ್ವೀಸ್ ಇದೆ?" ಎಂದು ಕೇಳಿದಳು. ನಾಲ್ಕನೆಯ ದಿನ ಅವನು ಚಹಾ ಕುಡಿದು ಬರುವಷ್ಟರಲ್ಲಿ ಅವನ ಕುರ್ಚಿ ಜಾಗ ಬದಲಿಸಿತ್ತು.

"ನನ್ನ ಕುರ್ಚಿ ಯಾಕೆ ಎತ್ತಿದೆ?"

"ಅಲ್ಲಿ ತಣ್ಣನೆ ಗಾಳಿ ನೇರ ನಿಮ್ಮ ಬೆನ್ನಿಗೆ ಹೊಡೀತಿತ್ತು. ನೋಡೋಕೆ ನನಗೇ ಚಳಿ ಆಯ್ತು."

ಮೊದಲು ಕುರ್ಚಿ ಎತ್ತುತ್ತಾರೆ, ಆಮೇಲೆ ಕೂತವನನ್ನು, ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ. ಕುರ್ಚಿಯನ್ನು ಹಳೆಯ ಜಾಗಕ್ಕೆ ಎಳೆದು ಕೂತ. ಬೆನ್ನು ನಿಜವಾಗಿಯೂ ಕೊರೆಯುತ್ತಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೆ ಅವನೇನೂ ಸಿದ್ಧನಿರಲಿಲ್ಲ.

ಹತ್ತು ದಿನದಲ್ಲಿ ಎಲ್ಲವೂ ಹೊಸ ಪೆಟ್ಟಿಗೆಗಳೊಳಗೆ ಹೋಯಿತು. ಕೊನೆಗೆ ಉಳಿದದ್ದು ಅನ್ವರ್‌ನ ಸರದಿ ಯಂತ್ರ. ಅದನ್ನು ನಿಲ್ಲಿಸುವ ಮೊದಲು ಕೊಟ್ಟ ಕೊನೆಯ ಸಂಖ್ಯೆಯನ್ನು ಮೇಲೆ ಬರೆದಿಡಲು ಉಮೈಮಾ ಹೇಳಿದಳು. ಶಾದ್ಲಿ ಬಿಳಿ ಪಟ್ಟಿ ಅಂಟಿಸಿ ದಪ್ಪ ಪೆನ್ನಿನಲ್ಲಿ ೩೪೦ ಎಂದು ಬರೆದ. ಅವಳು ಸ್ವಿಚ್ ಆರಿಸಿದಳು. ಫ್ಯಾನು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ವೈರು ಕಿತ್ತು ತೆಗೆಯಲು ಬಗ್ಗಿದವಳು, ಯಂತ್ರದ ನೆತ್ತಿಯ ಮೇಲೆ ಅಂಗೈ ಊರಿ ನಿಂತಿದ್ದ ಶಾದ್ಲಿಯನ್ನು ನೋಡಿದಳು. "ಇರ್ಲಿ, ಆಮೇಲೆ ತೆಗೀತೀನಿ," ಎಂದು ಹೊರಗೆ ಹೋದಳು.

ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. "ಹಳೇದನ್ನ ಮಾತ್ರ ಯಾವ ಕಾರಣಕ್ಕೂ ಆನ್ ಮಾಡ್ಬೇಡಿ ಸೀ ಶಾದ್ಲಿ. ಅದರ ಹೆಸರು, ನಂಬರು ಎಲ್ಲ ಈಗ ಹೊಸದಕ್ಕೆ ಬಂದಿದೆ. ಒಂದೇ ಹೆಸರು ಕೂಗಿದ್ರೆ ಇಬ್ಬರು 'ಓ' ಅಂತಾರೆ."

ಯಾವ ಕಾರಣಕ್ಕೂ! ಆ ಎರಡು ಪದ ಶಾದ್ಲಿಯ ಕಿವಿಯಲ್ಲೇ ಕೂತವು. ಆನ್ ಮಾಡಿದರೆ ಏನೋ ಬಯಲಾಗುತ್ತದೆ, ಅದಕ್ಕೇ ಬೇಡ ಅನ್ನುತ್ತಾಳೆ. ಮತ್ತೆ ವೈರನ್ನು ಯಾಕೆ ಹಾಗೇ ಬಿಟ್ಟಳು? ಒಂದು ವಾರ ಅವನು ಇದನ್ನೇ ಮೆಲುಕು ಹಾಕಿದ. ಹೊಸ ಪೆಟ್ಟಿಗೆಗಳು ಸದ್ದಿಲ್ಲದೆ ನಡೆಯುತ್ತಿದ್ದವು. ಆ ಸದ್ದಿಲ್ಲದಿರುವುದೂ ಅವನಿಗೆ ಗುಟ್ಟಿನಂತೆ ಕಂಡಿತು. ಇವಳ ಕಣ್ಕಟ್ಟು ಒಂದಲ್ಲ ಒಂದು ದಿನ ಕೈ ಕೊಡುತ್ತದೆ. ಆಗ ಅನ್ವರ್‌ನ ಯಂತ್ರ ಎಚ್ಚರವಾಗಿದ್ದರೆ ಗಾಣ ಉಳಿಯುತ್ತದೆ, ಉಳಿಸಿದವನನ್ನು ಯಾರೂ ಮನೆಗೆ ಕಳಿಸುವುದಿಲ್ಲ.

ಬುಧವಾರ ಬೆಳಗ್ಗೆ ಅರ್ಧ ಗಂಟೆ ಕರೆಂಟ್ ಹೋಗಿತ್ತು. ಬಂದ ಮೇಲೆ ಎಲ್ಲರೂ ಅವರವರ ಕೆಲಸದ ಗಡಿಬಿಡಿಯಲ್ಲಿದ್ದಾಗ ಶಾದ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೈ ತೂರಿಸಿ ಹಳೆಯ ಯಂತ್ರದ ಸ್ವಿಚ್ ಒತ್ತಿದ. ಪರಿಚಯದ ಕೆಮ್ಮು ಕೇಳಿಸಿತು. ಅವನಿಗೆ ಜೀವ ಬಂದಂತಾಯಿತು.

ಗುರುವಾರ ಮಧ್ಯಾಹ್ನ ಅಂಗಳದಲ್ಲಿ ಗಲಾಟೆ ಎದ್ದಿತು. ಅಗಾರೆಬ್ ಕಡೆಯ ರೈತ ಹಮ್ಮಾದಿ ಚೀಟಿಯನ್ನು ಗಾಳಿಯಲ್ಲಿ ಬೀಸುತ್ತ ಕೂಗುತ್ತಿದ್ದ.

"ನಿನ್ನೆ ಬೆಳಗ್ಗೆ ಹಿಂದಿನ ಬಾಗಿಲಲ್ಲಿ ಚೀಟಿ ತಗೊಂಡಿದೀನಿ! ನನ್ನ ಸರದಿ ಯಾರೋ ನುಂಗಿ ನೀರು ಕುಡಿದಿದಾರೆ!"

"ನಿನ್ನ ಕಾಯಿ ಆಗ್ಲೇ ಎಣ್ಣೆ ಆಗಿದೆಯಂತೆ ಹಮ್ಮಾದಿ, ಸ್ಕ್ರೀನ್ ಹೇಳ್ತಿದೆ," ಎಂದು ಯಾರೋ ಛೇಡಿಸಿದರು. "ಮನೆಗೆ ಹೋಗಿ ರೊಟ್ಟಿ ಅದ್ಕೊಂಡು ತಿನ್ನು ಹೋಗು!"

"ನನ್ನ ಕಾಯಿ ಇಲ್ಲೇ ಚೀಲದಲ್ಲಿ ಬೇಯ್ತಿದೆ ಕಣೋ! ಕೈ ಹಾಕಿ ನೋಡು ಅಣ್ಣಾ, ನೀನಾದ್ರೂ ನೋಡು," ಎಂದು ಅವನು ಶಾದ್ಲಿಯ ಕೈ ಹಿಡಿದು ಚೀಲದೊಳಗೆ ತುರುಕಿದ. ಒಳಗೆ ಜ್ವರ ಬಂದ ಮಗುವಿನ ಕಂಕುಳಿನ ಹಾಗೆ ಬೆಚ್ಚಗಿತ್ತು. ಪಕ್ಕದಲ್ಲಿ ಇನ್ನೂ ಎಂಟು ಮನೆಯವರು ಅದೇ ದೂರು ಹಿಡಿದು ನಿಂತಿದ್ದರು. ಎಲ್ಲರೂ ಹಿಂದಿನ ಬಾಗಿಲಿನಿಂದ ಬಂದವರು.

ಸಿಕ್ಕಿಬಿದ್ದಳು, ಎಂದುಕೊಂಡ ಶಾದ್ಲಿ. ಚೀಟಿಯನ್ನು ಓದುವಷ್ಟು ವ್ಯವಧಾನವೂ ಅವನಿಗಿರಲಿಲ್ಲ. ಹಮ್ಮಾದಿಯನ್ನು ಎಳೆದುಕೊಂಡೇ ನಾಜಿಹಾ ಅವರ ಕೋಣೆಗೆ ನುಗ್ಗಿದ.

"ನಾನು ಮೊದಲ ದಿನವೇ ಅಂದೆ ಲಲ್ಲಾ! ಒಬ್ಬರ ಹನಿ ಇನ್ನೊಬ್ಬರ ಡಬ್ಬಕ್ಕೆ ಬೀಳಲ್ಲ ಅಂದಳಲ್ಲ ಈ ಟ್ಯೂನಿಸ್‌ನ ಹುಡುಗಿ, ಈಗ ಡಬ್ಬ ಸಮೇತ ಮಾಯ! ಒಂಬತ್ತು ಮನೆಯವರ ಸರದಿ ತಿಂದಿದ್ದಾಳೆ."

ಉಮೈಮಾ ಅಲ್ಲೇ ಇದ್ದಳು. "ಒಂದು ಗಂಟೆ ಟೈಮ್ ಕೊಡಿ, ಹುಡುಕ್ತೀನಿ," ಎಂದಳು.

"ಒಂದು ಗಂಟೆ ನಿನಗೆ ಇರಬಹುದಮ್ಮ, ಈ ಕಾಯಿಗೆ ಇಲ್ಲ," ಎಂದರು ನಾಜಿಹಾ. ಅವರ ದನಿ ಏರಲಿಲ್ಲ, ಆದರೆ ಗಟ್ಟಿಯಾಯಿತು. "ಇವತ್ತೇ ಸರಿ ಹೋಗದಿದ್ರೆ ಐದು ಗಂಟೆಯ ಟ್ಯಾಕ್ಸಿ ಹಿಡಿದು ಊರಿಗೆ ಹೋಗು. ನಿಮ್ಮ ಕಂಪನಿಗೆ ನಾನೇ ಫೋನ್ ಮಾಡ್ತೀನಿ. ಎಲ್ಲಿ, ಚೀಟಿ ಕೊಡು ಹಮ್ಮಾದಿ." ಕನ್ನಡಕ ಏರಿಸಿ ಓದಿದರು. "ಮುನ್ನೂರ ನಲವತ್ತೊಂದು. ಇದೇನಿದು? ನಾವು ಒಂಬೈನೂರು ದಾಟಿದೀವಿ. ಮುನ್ನೂರ ನಲವತ್ತೊಂದು ಹೋದ ವಾರವೇ ಮುಗಿದಿದೆ."

ಮುನ್ನೂರ ನಲವತ್ತೊಂದು.

ಶಾದ್ಲಿಗೆ ತಾನೇ ದಪ್ಪ ಪೆನ್ನಿನಲ್ಲಿ ಬರೆದ ಸಂಖ್ಯೆ ಕಣ್ಣಿಗೆ ಬಂತು. ಅದರ ಮುಂದಿನದು ಇದು. ನಿಲ್ಲಿಸಿದ ಯಂತ್ರವೊಂದು ತಾನು ಬಿಟ್ಟ ಜಾಗದಿಂದಲೇ ಎಣಿಕೆ ಮುಂದುವರಿಸಿತ್ತು. ಕರೆಂಟ್ ಬಂದ ಮೇಲೆ ಹಿಂದಿನ ಬಾಗಿಲಿನ ಕಂಪ್ಯೂಟರು ಸರದಿ ಯಂತ್ರದ ಹೆಸರು ಹಿಡಿದು ಕೂಗಿದೆ, ಹಳೆಯದು ಮೊದಲು 'ಓ' ಎಂದಿದೆ. ಒಂಬತ್ತು ಮನೆಯವರು ಸತ್ತ ಸರದಿಯ ಚೀಟಿ ಹಿಡಿದು ನಿಂತಿದ್ದಾರೆ.

"ಎಲ್ಲೋ ಎರಡು ಯಂತ್ರ ಒಂದೇ ಹೆಸರಲ್ಲಿ ಉತ್ತರ ಕೊಡ್ತಿವೆ," ಎಂದಳು ಉಮೈಮಾ ನಿಧಾನವಾಗಿ. ಅವಳು ಅವನ ಕಡೆ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಶಾದ್ಲಿ ಕಶಾಬಿಯಾದ ಕೊರಳು ಸರಿಮಾಡಿಕೊಂಡ. "ಬಂದೆ, ಒಂದು ನಿಮಿಷ," ಎಂದು ತಣ್ಣನೆಯ ಕೋಣೆಗೆ ಓಡಿದ.

ಹೊದಿಕೆ ಎತ್ತಿದರೆ ಹಸಿರು ದೀಪ ಪಟಪಟನೆ ಮಿನುಗುತ್ತಿತ್ತು. ಅವನು ಪ್ಲಗ್ಗನ್ನು ಕೈಯಲ್ಲಿ ಹಿಡಿದ. ಎಳೆದರೆ ಮುಗಿಯಿತು. ಯಾರೂ ನೋಡಿಲ್ಲ. ಹಿಂದಿನ ಬಾಗಿಲು ತಾನಾಗಿ ಸರಿಹೋಗುತ್ತದೆ, ಹುಡುಗಿ ಐದರ ಟ್ಯಾಕ್ಸಿ ಹತ್ತುತ್ತಾಳೆ, ಕೋಣೆ ತನ್ನದಾಗಿಯೇ ಉಳಿಯುತ್ತದೆ. ಎರಡು ಪೆಟ್ಟಿಗೆ ಯಾರಿಗೂ ಬೇಡವಾಗಬಹುದು. ಅವಳಿಗೆ ಗೊತ್ತಾಗಿಯೇ ಬಿಟ್ಟಿದೆಯೇನೋ, ತನ್ನನ್ನು ಹಿಡಿಯಲೆಂದೇ ವೈರು ಬಿಟ್ಟಿದ್ದಳೇನೋ ಎಂಬ ಯೋಚನೆಯೂ ಒಂದು ಗಳಿಗೆ ಬಂತು. ಆದರೆ ಆ ಒಂಬತ್ತು ಮನೆಯವರ ಹೆಸರು, ಸರದಿ ಇರುವುದು ಈ ದೀಪದ ಹಿಂದೆ ಮಾತ್ರ. ಎಳೆದ ಮೇಲೆ ಅದು ಸಿಗುತ್ತದೋ ಇಲ್ಲವೋ ಅವನಿಗೆ ತಿಳಿಯದು. ಅಂಗೈಯಲ್ಲಿ ಹಮ್ಮಾದಿಯ ಚೀಲದ ಬಿಸಿ ಇನ್ನೂ ಆರಿರಲಿಲ್ಲ.

ಅವನು ಪ್ಲಗ್ಗನ್ನು ಬಿಟ್ಟು ವಾಪಸು ಬಂದ.

"ಹಳೇದನ್ನ ನಾನು ಆನ್ ಮಾಡಿದ್ದೆ, ಲಲ್ಲಾ. ನಿನ್ನೆ ಬೆಳಗ್ಗೆ," ಎಂದ. "ಇವಳು ಬೇಡ ಅಂದಿದ್ದಳು. ಅದಕ್ಕೇ ಮಾಡಿದೆ."

ಹಮ್ಮಾದಿ ಏನೂ ಅರ್ಥವಾಗದೆ ಎಲ್ಲರ ಮುಖ ನೋಡಿದ.

"ಆಫ್ ಮಾಡಿಬಿಟ್ರಾ?" ಎಂದು ಉಮೈಮಾ ಎದ್ದಳು.

"ಇಲ್ಲ."

"ಅಬ್ಬಾ! ನೆಟ್‌ವರ್ಕ್ ವೈರ್ ಮಾತ್ರ ಕೀಳೋಣ ಬನ್ನಿ, ಕರೆಂಟ್ ಇರಲಿ. ಒಳಗಿರೋದನ್ನ ಮೊದಲು ಇಳಿಸ್ಕೋಬೇಕು."

ಇಬ್ಬರೂ ಓಡಿದರು. ಅವಳು ಹೇಳಿದ ವೈರನ್ನು ಅವನೇ ಕಿತ್ತ. ಹಳೆಯ ಯಂತ್ರ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಅವಳು ಅದರ ಇನ್ನೊಂದು ನಕಲು ತೆಗೆದು, ಬೇರೆ ಹೆಸರಿಟ್ಟು, ಯಾರಿಗೂ 'ಓ' ಎನ್ನದ ಹಾಗೆ ಹೊಸ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಕೂರಿಸಿದಳು. ಅದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಲಿಲ್ಲ, ನಡೆಯುತ್ತಿದ್ದ ಗಾಣವನ್ನು ನಿಲ್ಲಿಸಬೇಕಾಗಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಹೆಸರುಗಳೂ ಅವಳ ಸ್ಕ್ರೀನಿನ ಮೇಲೆ ಸಾಲಾಗಿ ನಿಂತವು. ಶಾದ್ಲಿ ಒಂದೊಂದನ್ನೂ ಚೀಟಿಗೆ ತಾಳೆ ನೋಡಿ ಜೋರಾಗಿ ಓದಿದ. ಅವಳು ಟೈಪ್ ಮಾಡುತ್ತಲೇ ಇದ್ದಳು.

ಅವನಿಗೆ ಸಂಜೆಯವರೆಗಿನ ಶಿಕ್ಷೆ ಸಿಕ್ಕಿತು. ಒಂಬತ್ತು ಮನೆಯವರ ಚೀಲಗಳನ್ನು ಚಾಪೆಯ ಮೇಲೆ ಸುರಿದು ಬಿಸಿ ಆರಿಸಬೇಕು, ಪ್ರತಿಯೊಬ್ಬರಿಗೂ ತಪ್ಪು ತನ್ನದೆಂದು ಹೇಳಬೇಕು. ಹಾಗೆಂದು ನಾಜಿಹಾ ಆಜ್ಞೆ ಮಾಡಿದರು. ಹಮ್ಮಾದಿ ಬೈದ, ಬೈಯುತ್ತಲೇ ಚಾಪೆಯ ಇನ್ನೊಂದು ತುದಿ ಹಿಡಿದುಕೊಂಡ. ಅವನ ಕಾಯಿ ಆ ದಿನವೇ ಗಾಣಕ್ಕೆ ಹೋಯಿತು. ಎಣ್ಣೆ ನಾಲಿಗೆಗೆ ಸ್ವಲ್ಪ ಹುಳಿಯಾಗಿಯೇ ಇತ್ತು.

ಶನಿವಾರ ನಾಜಿಹಾ ಇಬ್ಬರನ್ನೂ ಕರೆದರು. ಮೇಜಿನ ಮೇಲೆ ಉಮೈಮಾ ತನ್ನ ಕಂಪನಿಗೆ ಬರೆದ ವರದಿ ಇತ್ತು. ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಶಾದ್ಲಿ ಬೆರಳಿಟ್ಟು ಹುಡುಕಿದ. ಹೆಸರೇ ಇರಲಿಲ್ಲ. 'ಹಳೆಯ ಯಂತ್ರದ ವೈರುಗಳನ್ನು ಅದೇ ದಿನ ತೆಗೆಯದೆ ಬಿಟ್ಟದ್ದು ನನ್ನ ತಪ್ಪು' ಎಂದಿತ್ತು.

"ಇದೇನು ಆಟ?" ಎಂದ ಅವನು. "ನನ್ನನ್ನ ಯಾಕೆ ಉಳಿಸ್ತಿದೀಯ? ಇದರಲ್ಲಿ ನಿನಗೇನು ಲಾಭ?"

"ಆಟ ಏನಿಲ್ಲ. ತೆಗೀಬೇಕು ಅನ್ನೋದು ನಮ್ಮ ನಿಯಮ. ನೀವು ಅವತ್ತು ಅದರ ತಲೆ ಮೇಲೆ ಕೈ ಇಟ್ಕೊಂಡು ನಿಂತಿದ್ರಿ. ನಿಮ್ಮ ಕಣ್ಣೆದುರಿಗೆ ಕೀಳೋಕೆ ನನಗೆ ಮನಸ್ಸಾಗ್ಲಿಲ್ಲ. ಆಮೇಲೆ ಮರೆತುಬಿಟ್ಟೆ."

ಶಾದ್ಲಿ ಅವಳ ಮುಖದಲ್ಲಿ ಕಪಟ ಹುಡುಕಿದ. ಸಿಗಲಿಲ್ಲ. "ಹಾಗಾದ್ರೆ ಎರಡೂ ಬರಿ," ಎಂದ. "ವೈರ್ ಬಿಟ್ಟಿದ್ದು ನೀನು, ಸ್ವಿಚ್ ಒತ್ತಿದ್ದು ನಾನು. ಅರ್ಧ ಸತ್ಯ ಬರೆದ ಕಾಗದಕ್ಕೆ ನಾನು ಸಾಕ್ಷಿ ಆಗಲ್ಲ."

ನಾಜಿಹಾ ಕನ್ನಡಕ ತೆಗೆದರು. "ಕೇಳು ಶಾದ್ಲಿ. ಪೆಟ್ಟಿಗೆ ಎರಡಾದ್ರೂ ಕೋಣೆಗೆ ಒಬ್ಬ ಬೇಕು. ಕೊಯ್ಲು ಮುಗಿದ ಮೇಲೆ ಹದಿನೈದು ದಿನ ಇವಳ ಹತ್ತಿರ ಕೂತು ಕಲಿ. ಅನ್ವರ್ ಹೋದ ಮೇಲೆ ಒಳಗೇನಿದೆ ಅಂತ ತಿಳಿದವರೇ ಇಲ್ಲ ನನಗೆ. ನಿನಗೆ ಅನುಮಾನ ಜಾಸ್ತಿ, ಗೊತ್ತು. ಇರಲಿ, ಕಾಯೋವನಿಗೆ ಅದು ಬೇಕು. ಆದ್ರೆ ಇನ್ನು ಮೇಲೆ ಹೊದಿಕೆ ಕೆಳಗೆ ಕೈ ಹಾಕ್ಬೇಡ. ಎದುರಿಗೆ ಕೇಳು."

"ಎದುರಿಗೇ ಕೇಳ್ತೀನಿ," ಎಂದ ಶಾದ್ಲಿ. "ಒಂದು ಬಿದ್ರೆ ಇನ್ನೊಂದು ಎತ್ಕೊಳ್ಳುತ್ತೆ ಅಂದಳಲ್ಲ. ನನಗೆ ನಂಬಿಕೆ ಇಲ್ಲ. ತೋರಿಸಲಿ."

"ಈಗ್ಲಾ? ಗಾಣ ನಡೀತಿದೆ!" ಎಂದರು ನಾಜಿಹಾ.

"ಗಾಣ ನಡೆಯುವಾಗ್ಲೇ ತೋರಿಸಬೇಕು," ಎಂದಳು ಉಮೈಮಾ. "ಬನ್ನಿ. ನೀವೇ ಆರಿಸಿ."

ತಣ್ಣನೆಯ ಕೋಣೆಯಲ್ಲಿ ಸರದಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಅವಳು ತೋರಿಸಿದಳು. ಶಾದ್ಲಿ ಬಿಸ್ಮಿಲ್ಲಾ ಎಂದು ಸ್ವಿಚ್ ಒತ್ತಿದ. ದೀಪಗಳೆಲ್ಲ ಒಮ್ಮೆಲೇ ನಂದಿದವು. ಅವನು ಅವಳ ಮಾತಿಗೆ ಕಾಯದೆ ಗಾಣದ ಅಂಗಳ ದಾಟಿ ಒಳಗಿನ ಗೋಡೆಯ ಮುಂದೆ ಹೋಗಿ ನಿಂತ.

ಸ್ಕ್ರೀನು ೧೦೨೬ರಲ್ಲಿ ನಿಂತುಬಿಟ್ಟಿತ್ತು. ಕಾದಿದ್ದ ಹೆಂಗಸೊಬ್ಬಳು ಗೊಣಗಿದಳು. ಅವನು ಮನಸ್ಸಿನಲ್ಲೇ ಎಣಿಸತೊಡಗಿದ. ನಲವತ್ತು, ಐವತ್ತು. ನೋಡಿದೆಯಾ, ಎಂದಿತು ಒಳಗಿನ ಹಳೆಯ ದನಿ. ಎಂಬತ್ತಾಯಿತು. ಈ ಸಲ ತನ್ನ ಅನುಮಾನ ಸುಳ್ಳಾಗಲಿ ಎಂದು ತಾನೇ ಬೇಡಿಕೊಳ್ಳುತ್ತಿರುವುದು ಅವನ ಗಮನಕ್ಕೆ ಬಂದು, ಎಣಿಕೆ ತಪ್ಪಿತು.

ಸ್ಕ್ರೀನು ಒಮ್ಮೆ ಮಿಟುಕಿತು. ೧೦೨೭. ಹೆಂಗಸು ತನ್ನ ಚೀಲಗಳ ಕಡೆ ನಡೆದಳು.

ಅವನು ಅಲ್ಲೇ ನಿಂತು ೧೦೨೮ ಬರುವುದನ್ನು ನೋಡಿದ, ೧೦೨೯ನ್ನೂ ನೋಡಿದ. ಆಮೇಲೆ ಕೋಣೆಗೆ ಮರಳಿದ. ಉಮೈಮಾ ಬಾಗಿಲಲ್ಲೇ ನಿಂತಿದ್ದಳು.

"ಹೇಗಿದೆ?"

"ಬಂತು," ಎಂದು ಶಾದ್ಲಿ ಕಶಾಬಿಯಾ ಸರಿಪಡಿಸಿಕೊಂಡು ಒಳಗೆ ಹೋದ. "ಈಗ ಇದನ್ನ ಆನ್ ಮಾಡು. ಆಮೇಲೆ ಇನ್ನೊಂದನ್ನ ಆರಿಸಿ ನೋಡ್ಬೇಕು."